ತಣ್ಣೀರಿನ ಕೊಡ

ಇಸವಿ ೨೧೬೪, ಫೆಬ್ರವರಿ ೩೧

ಹೆತ್ತ ಅವ್ವಿಯ ಮಾನ ಕಳೆದವನು ನಾನಲ್ಲ, ಬುದವಂತಿ ಅಜ್ಜಿ. ಕೊಡ ಒದ್ದದ್ದು ನಿಜ. ಆದರೆ ಈ ಜಗಳ ಶುರುವಾದದ್ದು ನಿಮ್ಮಿಂದ. ಈ ತಾರೀಕು ನಿಮ್ಮ ಕಾಲದಲ್ಲಿಲ್ಲ, ನನ್ನ ಕೆಲವು ಮಾತುಗಳೂ ಇಲ್ಲ. ತಪ್ಪು ತಿಳಿಯಬೇಡಿ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು, ಬಂದಷ್ಟು ಬರೆಯುತ್ತೇನೆ.

ನಾನು ನಿಮ್ಮ ಆರನೇ ತಲೆಮಾರಿನ ಹುಡುಗ, ತಿಮ್ಮು. ನೀವು ನಮ್ಮ ಗೋಡೆಯ ಫೋಟೋದಲ್ಲಿದ್ದೀರಿ. ಮುರಿದ ಕೈಯಲ್ಲೇ ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಹೋದಿರಂತೆ, ಒಮ್ಮೆಯೂ ನರಳಲಿಲ್ಲವಂತೆ. ಪ್ರತಿ ಹಬ್ಬಕ್ಕೂ ಇದೇ ಕತೆ. ಈ ಮನೆಗೆ ಬಂದ ಸೊಸೆಯಂದಿರೆಲ್ಲ ಇದನ್ನೇ ಕಲಿತರು.

ನಿಮ್ಮ ಗದ್ದೆಗಳನ್ನು ಕಡಲು ನುಂಗಿದೆ. ಅಲ್ಲೇ ಈಗ ಕಡಲಪಾಚಿ ಬೆಳೆಯುತ್ತೇವೆ. ಪಾಚಿಯ ಹಗ್ಗ ಎಳೆದು ಎಳೆದು ಅವ್ವಿಯ ಬಲತೋಳು ನೋವಿಗೆ ಸೋತಿದೆ. ಎಲ್ಲರ ಮಣಿಕಟ್ಟಿನಲ್ಲೂ ನೋವುಪಟ್ಟಿ ಇರುತ್ತದೆ. ಮೈಯಲ್ಲಿ ನೋವಿದ್ದರೆ ಅದು ಕೆಂಪು, ಇಲ್ಲದಿದ್ದರೆ ನೀಲಿ. ಕೆಂಪಿದ್ದವರಿಗೆ ದಡದಲ್ಲಿ ಕಟ್ಟಿದ ಆಸ್ಪತ್ರೆ ದೋಣಿಯಲ್ಲಿ ಪುಕ್ಕಟೆ ಚಿಕಿತ್ಸೆ. ಪಟ್ಟಿ ನೋಡುವವರು ಬರುವ ದಿನ ನಮ್ಮ ಹೆಂಗಸರು ಸಾಲಾಗಿ ನಿಂತು ಕೊಡದ ತಣ್ಣೀರಿನಲ್ಲಿ ಕೈ ಅದ್ದುತ್ತಾರೆ. ತಣ್ಣಗಾದರೆ ಪಟ್ಟಿ ಸ್ವಲ್ಪ ಹೊತ್ತು ನೀಲಿಯಾಗುತ್ತದೆ. ನರಳುವವಳ ಮಗಳನ್ನು ಯಾರೂ ಸೊಸೆ ಮಾಡಿಕೊಳ್ಳುವುದಿಲ್ಲವಲ್ಲ.

ಅವ್ವಿಗೆ ತಲೆ ಬಾಚಿಕೊಳ್ಳಲೂ ಆಗದು. ಅವಳಿಗೆ ಸ್ನಾನ ಮಾಡಿಸಲು ನನ್ನ ಸೋದರತ್ತೆ ಕೆಲಸ ಬಿಟ್ಟಳು, ಅವ್ವಿಯ ಪಾಲಿನ ಹಗ್ಗ ಎಳೆಯಲು ನಾನು ಶಾಲೆ ಬಿಟ್ಟೆ. ಮನೆಮನೆಯಲ್ಲೂ ಹೀಗೇ. ಊರಿನ ಅರ್ಧ ಪಾಚಿ ನೀರಿನಲ್ಲೇ ಕೊಳೆಯುತ್ತಿದೆ, ಎಳೆಯಲು ತೋಳುಗಳಿಲ್ಲ. ಪಟ್ಟಿಗಳು ಮಾತ್ರ ನೀಲಿ. ಇಲ್ಲಿ ಯಾರಿಗೂ ನೋವಿಲ್ಲ ಎಂದು ಆಸ್ಪತ್ರೆ ದೋಣಿ ಇವತ್ತು ಸಂಜೆ ಬೇರೆ ಊರಿಗೆ ಹೋಗುತ್ತಿದೆ.

ಬೆಳಿಗ್ಗೆ ಅವ್ವಿಯ ಸರದಿ ಬಂದಾಗ ಕೊಡ ಒದ್ದೆ. ನೀರೆಲ್ಲ ಮರಳಿಗೆ ಹೋಯಿತು. ಪಟ್ಟಿ ಕೆಂಪಗೇ ಉಳಿಯಿತು, ಊರೆಲ್ಲ ನೋಡಿತು. ಪಟ್ಟಿ ನೋಡುವವರು ಅವ್ವಿಗೆ ದೋಣಿಗೆ ಬರಲು ಹೇಳಿದರು. ಮನೆಗೆ ಬಂದರೆ ನಮ್ಮಜ್ಜಿ ನಿಮ್ಮ ಫೋಟೋ ತೋರಿಸಿ, "ಇವಳ ಮನೆತನದಲ್ಲಿ ಯಾರೂ ನರಳೂದಿಲ್ಲ ಮಾರಾಯಾ" ಎಂದಳು. ಅವ್ವಿ ನನ್ನ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ತಮಾ, ಕೈ ಎತ್ತೂಕೆ ಆಗೂದಿಲ್ಲ." ಅವಳ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಇದೇ ಮೊದಲು.

ಬುದವಂತಿ ಅಜ್ಜಿ, ಆ ಬುಟ್ಟಿ ಕೆಳಗಿಡಿ. ಬೀದಿಗೆಲ್ಲ ಕೇಳುವಂತೆ ಒಮ್ಮೆ ನರಳಿ. ನಮ್ಮವರಿಗೆ ಹೇಳಲು ಬೇರೆ ಕತೆ ಸಿಗಲಿ.

ದೋಣಿ ಇನ್ನೂ ದಡದಲ್ಲಿದೆ. ಅವ್ವಿ ಅಂಗಳಕ್ಕೆ ಇಳಿದಾಗಿದೆ. ನಾನೂ ಹೊರಟೆ. ಬಾಗಿಲು ಧಡಾರನೆ ಹಾಕುತ್ತೇನೆ. ನಿಮ್ಮ ಫೋಟೋ ಬಿದ್ದರೆ ಬೀಳಲಿ.