ಮಾರ್ಥಮ್ಮನಿಗೆ ತೋಡಿದ ಚೌಕ ಕುಣಿ

ನರೋಣಾ
೧೬ ಜೂನ್ ೨೦೨೪, ಆದಿತ್ಯವಾರ

ನನ್ನ ಮಗಳು ಬಸವೇಶ್ವರಿಗೆ ಅಪ್ಪನ ತುಂಬು ಆಶೀರ್ವಾದ.

ಹೇಗಿದ್ದೀಯವ್ವಾ? ಕೂಸು ಹಾಲು ಸರಿಯಾಗಿ ಕುಡಿಯುತ್ತದೆಯೇ? ಗುವಾಹಟಿಯಲ್ಲಿ ಮಳೆ ಜಾಸ್ತಿಯಂತೆ, ಹಸಿ ಮೈಯವಳು ತಣ್ಣೀರಲ್ಲಿ ಕೈಯಾಡಿಸಬೇಡ, ಕಿವಿಗೆ ಬಟ್ಟೆ ಕಟ್ಟಿಕೋ ಎಂದು ನಿನ್ನ ಅವ್ವ ಪಕ್ಕದಲ್ಲೇ ಕುಳಿತು ಬರೆಸುತ್ತಿದ್ದಾಳೆ. ನಾವಿಬ್ಬರೂ ಆರಾಮ. ಮಳೆ ಒಂದು ಹದಕ್ಕೆ ಬಿದ್ದಿದೆ, ತೊಗರಿ ಬಿತ್ತನೆ ಇನ್ನೇನು ಶುರು. ನಾಳೆ ಹೊರಡುವ ಅಳಿಯನ ಕೈಯಲ್ಲಿ ಈ ಪತ್ರದ ಜೊತೆ ಶೇಂಗಾ ಚಟ್ನಿ, ಖಡಕ್ ರೊಟ್ಟಿ, ಅಂಟಿನುಂಡಿ ಇಟ್ಟಿದ್ದಾಳೆ. ದಾರಿಯಲ್ಲಿ ಅವನೇ ತಿಂದು ಮುಗಿಸಿದರೆ ನಾವು ಜವಾಬ್ದಾರರಲ್ಲ.

ಹೋದ ತಿಂಗಳು ನೀನು ಫೋನಿನಲ್ಲಿ ಒಂದು ಮಾತು ಕೇಳಿದ್ದೆ. ಕೂಸಿನ ಜೊತೆ ನಾನೂ ಚರ್ಚಿನ ದೀಕ್ಷಾಸ್ನಾನ ತಗೋತೇನಿ, ಆದರೆ "ಅಪ್ಪಾ, ನೀವು ಹ್ಞೂಂ ಅಂದ್ರ ಅಷ್ಟೇ" ಅಂದಿದ್ದೆ. ನಾನು "ಧ್ವನಿ ಕೇಳಿಸವಲ್ದು" ಎಂದು ಫೋನಿಟ್ಟೆ. ಧ್ವನಿ ಚೆನ್ನಾಗಿಯೇ ಕೇಳಿಸಿತ್ತು. ನನಗೆ ಸಿಟ್ಟು ಬಂದಿತ್ತೆಂದು ನೀನು ತಿಳಿದಿರಬಹುದು. ಸಿಟ್ಟಲ್ಲ ಮಗಳೇ, ಹೆದರಿಕೆ. ಕಲ್ಯಾಣಕುಮಾರನನ್ನು ನೀನು ಮದುವೆಯಾದಾಗ ಇಲ್ಲದ ಹೆದರಿಕೆ ಈಗ ಬಂತು. ನಾವು ಸತ್ತರೆ ಲಿಂಗದಲ್ಲಿ ಬೆರೆತು ಬಯಲಾಗುವವರು. ನಿನ್ನ ಗಂಡನ ಕಡೆಯವರು ಸತ್ತರೆ ಮತ್ತೆ ಮೈ ಸಮೇತ ಎದ್ದು ಬರುತ್ತೇವೆ ಅನ್ನುವವರು. ನೀನು ಆ ಕಡೆ, ನಾನು ಈ ಕಡೆ ಆದರೆ ಅಪ್ಪ ಮಗಳ ಭೇಟಿ ಎಲ್ಲಿ? ಇದನ್ನು ಯಾರನ್ನು ಕೇಳಲಿ ಎಂದು ಒದ್ದಾಡುತ್ತಿರುವಾಗಲೇ ನಿನ್ನ ಅತ್ತೆ ಮಾರ್ಥಮ್ಮ ಕಣ್ಣು ಮುಚ್ಚಿದಳು. ಕೇಳಲಿಕ್ಕೆ ಅವಳೇ ದಾರಿ ಮಾಡಿಕೊಟ್ಟಳು ನೋಡು.

ನಿನಗೆ ಬರಲಾಗದ ಆ ಮಣ್ಣಿನ ಸುದ್ದಿಯನ್ನು ಪೂರ್ತಿ ಹೇಳುತ್ತೇನೆ. ಅಳಬೇಡ, ನಗು ಬಂದರೆ ನಕ್ಕುಬಿಡು, ಅವಳೂ ನಗುತ್ತಿದ್ದಳು. "ನನ್ನನ್ನು ಕಲಬುರಗಿಗೆ ಒಯ್ಯಬೇಡ್ರಿ, ಈ ಊರಾಗೇ ಮಣ್ಣು ಮಾಡ್ರಿ" ಎಂದು ಮೊದಲೇ ಹೇಳಿಟ್ಟಿದ್ದಳು. ನರ್ಸಮ್ಮ ಅಂತ ಈ ಊರಿನ ಅರ್ಧ ಜನರ ಹೆರಿಗೆ ಮಾಡಿಸಿದವಳು, ನಿನ್ನನ್ನು ಮೊದಲು ಎತ್ತಿಕೊಂಡದ್ದೂ ಅವಳೇ. ನಮ್ಮ ಹೊಲದ ಬದುವಿನಲ್ಲಿ, ಬೇವಿನ ಗಿಡದ ಹತ್ತಿರ ಜಾಗ ಕೊಟ್ಟೆ. ಅಳಿಯ ಬರುವವರೆಗೆ ಕಾಯದೆ ಮುಂಜಾನೆಯೇ ನಮ್ಮ ಓಣಿಯ ನಾಗಣ್ಣ, ಭಗವಂತ, ಇಮಾಮಸಾಬ, ನಾನು ಗುದ್ದಲಿ ಹಿಡಿದು ಹೋದೆವು. ಬೀಗತಿಗೆ ಯಾವುದೂ ಕಡಿಮೆ ಆಗಬಾರದು ಎಂದು ಜೀವ ತೇದು ತೋಡಿದೆವು. ಅಚ್ಚುಕಟ್ಟಾದ ಚೌಕ ಕುಣಿ, ಇಳಿಯಲು ಮೆಟ್ಟಿಲು, ಒಳಗೆ ಗೋಡೆಯಲ್ಲಿ ಕೂಡಿಸಲು ಗೂಡು. ಭಗವಂತ ಎಲ್ಲಿಂದಲೋ ಒಂದು ಬುಟ್ಟಿ ಬಿಲ್ವಪತ್ರಿಯನ್ನೂ ತಂದಿಟ್ಟ.

ಆಮೇಲೆ ಆಳಂದದಿಂದ ಪಾಸ್ಟರ್ ಸುಂದರರಾಜ ಮತ್ತು ನಿನ್ನ ಗಂಡ ಟಂಟಂ ಆಟೋದಲ್ಲಿ ಉದ್ದನೆಯ ಪೆಟ್ಟಿಗೆ ಇಟ್ಟುಕೊಂಡು ಬಂದರು. ಕುಣಿ ನೋಡಿ ಅಳಿಯ ಬೆರಗಾಗಿ "ಮಾವಾರ, ಇದೇನ್ರಿ?" ಅಂದ. ಪೆಟ್ಟಿಗೆ ನೋಡಿದೆ, ಕುಣಿ ನೋಡಿದೆ, ಅಯ್ಯೋ ಶಿವನೇ ಎಂದು ಹಣೆ ಬಡಿದುಕೊಂಡೆ. ಮೊಳಕಾಲು ನೋವಿನಿಂದ ಹತ್ತು ವರ್ಷ ನೆಲಕ್ಕೆ ಕೂಡದಿದ್ದ ಹೆಣ್ಣುಮಗಳನ್ನು ನಾವು ನಮ್ಮವರ ಹಾಗೆ ಪದ್ಮಾಸನ ಹಾಕಿಸಿ ಕೂಡಿಸಲು ಹೊರಟಿದ್ದೆವು! ಇಮಾಮಸಾಬ ಆಗ ಬಾಯಿ ಬಿಟ್ಟ, "ನಮ್ಮಲ್ಲೂ ಉದ್ದಕ್ಕೇ ಮಲಗಸ್ತೀವ್ರಿ, ಕಯಾಮತ್ ಅಂದ್ರ ಕಡೀ ದಿನ ಏಳ್ತಾರಂತ. ನಿಮ್ಮ ಬೀಗತಿ, ನಿಮ್ಮ ಹೊಲ, ನಾ ಯಾಕ ನಡುವ ಬಾಯಿ ಹಾಕ್ಲಿ ಅಂತ ಸುಮ್ಮಿದ್ದೆ." ಬೆಳಗಿನಿಂದ ನಮ್ಮ ಸಮ ಬೆವರು ಸುರಿಸಿದ ಪುಣ್ಯಾತ್ಮ! ಅಳುತ್ತ ನಿಂತಿದ್ದ ನಿನ್ನ ಗಂಡ ಅಷ್ಟು ದುಃಖದಲ್ಲೂ ನಕ್ಕುಬಿಟ್ಟ.

ಹುಡುಗರು ಪಕ್ಕದಲ್ಲಿ ಉದ್ದನೆಯ ಕುಣಿ ತೋಡುವವರೆಗೆ ನಾನೂ ಪಾಸ್ಟರೂ ಬೇವಿನ ನೆರಳಲ್ಲಿ ಕುಳಿತೆವು. ವಯಸ್ಸು ಚಿಕ್ಕದು, ಆದರೆ ಕೇಳಿದ್ದಕ್ಕೆ ಮುಖ ಸಿಂಡರಿಸುವ ಮನುಷ್ಯನಲ್ಲ. ನಾನೂ ಬಿಡಲಿಲ್ಲ. ಈ ಎದ್ದು ಬರುವ ಮಾತು ಮೊದಲಿನಿಂದಲೂ ಇತ್ತೇ, ನಡುವೆ ಬಂದದ್ದೇ ಎಂದು ಕೇಳಿದೆ. ಕೇಳು, ನನಗೆ ಇದು ಬಹಳ ಸೋಜಿಗ ಅನ್ನಿಸಿತು. ಬಹಳ ಹಿಂದೆ ಯೆಹೂದ್ಯರಲ್ಲಿ ಸತ್ತವರು ಒಳ್ಳೆಯವರಿರಲಿ ಕೆಟ್ಟವರಿರಲಿ, ಎಲ್ಲರೂ ಪಾತಾಳದ ಕತ್ತಲಿಗೆ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು ಅಂತಲೇ ಹೆಚ್ಚಿನವರ ಎಣಿಕೆಯಂತೆ. ಯೇಸು ಹುಟ್ಟುವುದಕ್ಕೆ ನೂರೈವತ್ತು ಇನ್ನೂರು ವರ್ಷ ಮೊದಲು ಒಬ್ಬ ಗ್ರೀಕ್ ಅರಸ ಅವರ ಧರ್ಮ ಬಿಡಿಸಲು ಹೋಗಿ, ಬಿಡದವರನ್ನು ಕೊಲ್ಲಿಸಿದನಂತೆ. ಆಗ ಜನರಿಗೆ ಒಂದು ಪ್ರಶ್ನೆ ಗಟ್ಟಿಯಾಗಿ ಕಾಡಿತು. ದೇವರಿಗಾಗಿ ಈ ಮೈಯನ್ನೇ ಕೊಟ್ಟವರ ಮೈಯನ್ನು ದೇವರು ಹಾಗೇ ಮಣ್ಣಲ್ಲಿ ಬಿಟ್ಟಾನೆಯೇ? ಎಬ್ಬಿಸಿಯೇ ಎಬ್ಬಿಸುತ್ತಾನೆ ಎಂಬ ನಂಬಿಕೆ ಆ ನೋವಿನಲ್ಲಿ ಬಲಿಯಿತು. ಅಂದರೆ ಇದು ಆಸೆಬುರುಕರ ಮಾತಲ್ಲ, ನ್ಯಾಯ ಕೇಳುವವರ ಮಾತು. ನನಗೆ ಅದು ಹಿಡಿಸಿತು.

ಆದರೂ ಅವರಲ್ಲೇ ಜಗಳವಿತ್ತಂತೆ. ಗುಡಿಯ ದೊಡ್ಡ ಪೂಜಾರಿಗಳ ಗುಂಪು ಏಳುವುದೂ ಇಲ್ಲ ಬೀಳುವುದೂ ಇಲ್ಲ ಅನ್ನುತ್ತಿತ್ತು, ಶಾಸ್ತ್ರ ಕಲಿಸುವವರ ಗುಂಪು ಏಳುತ್ತಾರೆ ಅನ್ನುತ್ತಿತ್ತು. ಎದ್ದರೆ ಕಡೆಯ ದಿನ ಎಲ್ಲರೂ ಒಟ್ಟಿಗೇ ಏಳುವುದೆಂದು ಕಾಯುತ್ತಿದ್ದವರಿಗೆ, ನಡುವೆಯೇ ಒಬ್ಬ ಎದ್ದ ಎಂಬ ಸುದ್ದಿ ಬಂತು. ಶಿಲುಬೆಗೆ ಹಾಕಿದ ಮೂರನೆಯ ದಿನ ಹೆಣ್ಣುಮಕ್ಕಳು ಸಮಾಧಿಗೆ ಹೋಗಿ ನೋಡಿದರೆ ಖಾಲಿ. ಮೊದಲು ಆ ಹೆಂಗಸರ ಮಾತನ್ನು ಗಂಡಸರು ನಂಬಲಿಲ್ಲವಂತೆ. ಈಗ ಬರೆಯುತ್ತ ಇದನ್ನು ಓದಿ ಹೇಳಿದರೆ ನಿನ್ನ ಅವ್ವ, "ಯಾವ ದೇಶದಾಗ ನಂಬ್ಯಾರ್ರಿ?" ಅಂದಳು. ಮುಂದೆ ಗ್ರೀಕರ ಊರಲ್ಲಿ ಹೇಳಿದಾಗ ಅವರೂ ನಕ್ಕರು. ಆತ್ಮ ಮೈಯಿಂದ ಬಿಡುಗಡೆಯಾದರೆ ಸಾಕಲ್ಲ, ಮತ್ತೆ ಈ ಮೈಯನ್ನೇ ಯಾಕೆ ಹೊರಬೇಕು ಎಂದು.

ನಾನೂ ಪೆದ್ದನಲ್ಲ. "ಸೊನ್ನದ ಹೊಳ್ಯಾಗ ಮೊಸಳಿ ತಿಂದವನು ಹ್ಯಾಂಗ ಏಳ್ತಾನ್ರಿ?" ಎಂದೆ. ಪಾಸ್ಟರ್ ನಕ್ಕು, ಇಂಥದೇ ಪ್ರಶ್ನೆಯನ್ನು ಸಾವಿರದೆಂಟುನೂರು ವರ್ಷದ ಹಿಂದೆಯೇ ಕೇಳಿದ್ದರು, ಮೊದಲು ಮಣ್ಣಿನಿಂದ ಮಾಡಿದವನಿಗೆ ಎರಡನೆಯ ಸಲ ಮಾಡುವುದೇನು ಕಷ್ಟ ಎಂದು ಉತ್ತರ ಕೊಟ್ಟಿದ್ದರು ಎಂದ. ಬೀಜ ಮಣ್ಣಿಗೆ ಬಿದ್ದು ಬೇರೆಯೇ ರೂಪದಲ್ಲಿ ಎದ್ದ ಹಾಗೆ ಎಂದೂ ಹೇಳಿದ. ಅಲ್ಲಿ ಹಿಡಿದೆ ಅವನನ್ನು. "ಸತ್ತ ಬೀಜ ಮೊಳಕಿ ಒಡೆಯಂಗಿಲ್ರಿ. ಹಸಿ ಗೋಣಿಚೀಲದಾಗ ಕಟ್ಟಿ ನೋಡೇ ಬಿತ್ತೋರು ನಾವು" ಎಂದೆ. ಅವನಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. "ಖರೇ ಅದ ಕಾಕಾರ. ಅದಕ್ಕ ನಾವು ಬೀಜದ ಮ್ಯಾಲ ಭಾರ ಹಾಕಿಲ್ಲ, ಬಿತ್ತಿದಾತನ ಮ್ಯಾಲ ಹಾಕೀವಿ" ಎಂದ. ಪೂರ್ತಿ ಒಪ್ಪಿದೆನೆಂದಲ್ಲ, ಆದರೆ ಇವತ್ತಿಗೂ ಅದನ್ನೇ ಮೆಲುಕು ಹಾಕುತ್ತಿದ್ದೇನೆ.

ಕೊನೆಗೆ ಹೊಟ್ಟೆಯಲ್ಲಿದ್ದ ಪ್ರಶ್ನೆ ಕೇಳಿದೆ. "ಎದ್ದ ಮ್ಯಾಲ ಮಗಳಿಗಿ ಅಪ್ಪನ ನೆನಪು ಇರ್ತದೇನ್ರಿ?" ಅವನು ನನ್ನ ಮುಖ ನೋಡಿದ. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯದ ಗುರುತು ಹಾಗೇ ಇತ್ತು, ಅದನ್ನು ನೋಡಿಯೇ ಅವನ ಶಿಷ್ಯರು ನಂಬಿದರು ಎಂದ. "ಗುರುತೂ ನೆನಪೂ ಇಲ್ದ ಎದ್ರ, ಎದ್ದದ್ದು ಬ್ಯಾರೆ ಯಾರೋ ಆಗ್ತಾರ್ರಿ." ಹಾಗಾದರೆ ನಾನೂ ಏಳುತ್ತೇನೆಯೇ ಎಂದೆ. "ಎಲ್ಲಾರನೂ ಎಬ್ಬಸ್ತಾನ ಅಂತ ನಮ್ಮ ನಂಬಿಕಿ. ಆಮ್ಯಾಗಿನ ನ್ಯಾಯ ಆತನ ಕೈಯಾಗ, ನನ್ನ ಕೈಯಾಗಿಲ್ಲ" ಎಂದ. ಇಲ್ಲದ್ದನ್ನು ಹೇಳಿ ನನ್ನನ್ನು ಖುಷಿಪಡಿಸದೆ ಇದ್ದುದಕ್ಕೇ ಆ ಹುಡುಗ ಹಿಡಿಸಿದ.

ಮಾರ್ಥಮ್ಮನನ್ನು ಉದ್ದಕ್ಕೆ, ಮೂಡಣಕ್ಕೆ ಮುಖ ಬರುವ ಹಾಗೆ ಮಲಗಿಸಿದೆವು. ಸೂರ್ಯ ಹುಟ್ಟುವ ದಿಕ್ಕಿಗೆ ಎದ್ದು ಕೂಡಲಿ ಎಂದಂತೆ. ನಾನೂ ಮಣ್ಣು ಹಾಕಿದೆ. ಬಹಳ ಅತ್ತುಬಿಟ್ಟೆ, ಅದನ್ನು ನಿನ್ನ ಗಂಡ ಹೇಳದಿದ್ದರೆ ನಾನೇ ಹೇಳುತ್ತಿದ್ದೇನೆ. ಭಗವಂತನ ಪತ್ರಿ ದಂಡವಾಗಬಾರದೆಂದು ಪಾಸ್ಟರೇ ಪೆಟ್ಟಿಗೆಯ ಮೇಲೆ ಹಾಕಿಸಿದ. ಉಳಿದದ್ದು ನಮ್ಮ ಚೌಕ ಕುಣಿ. "ತೋಡಿದ ಕುಣಿ ಖಾಲಿ ಬಿಡಬಾರ್ದ್ರಿ ಕಾಕಾರ, ಅದು ಯಾರದಾರ ಜೀವ ಕೇಳ್ತದ" ಎಂದು ನಾಗಣ್ಣ ಹೆದರಿಸಿದ. ಒಂದು ಬೊಗಸೆ ತೊಗರಿ ಒಳಗೆ ಚೆಲ್ಲಿ ಮುಚ್ಚಿಸಿದೆ.

ಕೂಸಿಗೆ ಅಜ್ಜ ಅಜ್ಜಿಯ ಮುತ್ತು. ಮೈ ಹುಷಾರು.

ನಿನ್ನ ಅಪ್ಪ
ಬಸವಂತರಾಯ

ತಾ.ಕ.: ನಿನ್ನ ಅವ್ವ ಒಳಗೆ ಹೋಗಿದ್ದಾಳೆ, ಇಂಥದ್ದನ್ನು ಬಾಣಂತಿಗೆ ಬರೆದರೆ ಬಯ್ಯುತ್ತಾಳೆ, ಬೇಗ ಹೇಳಿಬಿಡುತ್ತೇನೆ. ಹ್ಞೂಂ. ಕೂಸಿನ ಜೊತೆ ನೀನೂ ತಗೋ. ಆ ಚೌಕ ಕುಣಿಯ ಮೇಲೆ ಗುರುತಿಗೆ ಒಂದು ಕಲ್ಲು ನಿಲ್ಲಿಸಿದ್ದೇನೆ, ಅದು ಇನ್ನು ನನ್ನದು. ನೂರು ವರ್ಷ ಬಾಳಿ, ನೀನು ಎಲ್ಲೇ ಮಲಗಿರು, ಎದ್ದ ದಿನ ಅತ್ತೆಯನ್ನು ಕಾಣಲು ನಮ್ಮ ಬದುವಿಗೆ ಹೇಗೂ ಬರುತ್ತೀಯಲ್ಲ, ಪಕ್ಕದಲ್ಲಿ ನನ್ನನ್ನೂ ಒಮ್ಮೆ ಕೂಗು. ಬಯಲಾಗಿದ್ದರೂ ನಿನ್ನ ದನಿಗೆ ಬಂದೇನು. ಸಣ್ಣವಳಿದ್ದಾಗ ಬೀಸುಕಲ್ಲಿನ ಮೇಲೆ ಬಿದ್ದು ಆದ ಹಣೆಯ ಗಾಯದ ಗುರುತು ಇರುತ್ತದೆ, ಗುರುತು ಹಿಡಿಯುತ್ತೇನೆ. ನೀವೆಲ್ಲ ಮಲಗಿದವರು, ಎದ್ದು ಕೂಡಲು ಹೊತ್ತಾದೀತು. ನಾನು ಕುಳಿತೇ ಇರುತ್ತೇನೆ.