ರೆಹಾನಳ ವಜೂ

ದೊಡವಾಡ, 5-8-2004

ಅಳಿಯ ಇಮ್ತಿಯಾಜ್ ಅವರಿಗೆ ಸಲಾಂ.

ನಿನ್ನೆ ರೆಹಾನ ಒಂದೇ ಸಲ ಕೈಕಾಲು ತೊಳೆದು ವಜೂ ಮುಗಿಸಿ ನಮಾಜಿಗೆ ನಿಂತಳು. ಕಣ್ಣಾರೆ ನೋಡಿದ ಅವಳ ಅಮ್ಮ ಹೇಳಿದಳು. ಪದೇ ಪದೇ ವಜೂ ಮಾಡುತ್ತಿದ್ದವಳನ್ನು ಮೊದಲು ನೀವೂ ನಾವೂ "ಎಂಥಾ ದೀನದಾರ ಹುಡುಗಿ, ಎಷ್ಟು ಭಕ್ತಿ" ಎಂದು ಹೊಗಳಿದೆವು. ಕೈ ಬಿರಿದು ರಕ್ತ ಬಂದ ಮೇಲೆ ನೀವು ಹುಚ್ಚೆಂದು ತವರಿಗೆ ಕಳಿಸಿದಿರಿ.

ಧಾರವಾಡದ ಡಾಕ್ಟರು, "ಹುಚ್ಚಲ್ರೀ ಸಾಬ್ರ, ಇದು ಗೀಳು ರೋಗ. ಮೊದಲಿನ ಗುಳಿಗಿ ಸಾಲಲಿಲ್ಲ. ಮಿದುಳಿನ್ಯಾಗಿನ ಡೋಪಮಿನ್ನೂ ಇದಕ್ಕ ಕಾರಣ ಇರಬೌದು. ಅದರ ಜೋರು ತಗ್ಗಿಸೋ ಸಣ್ಣ ಗುಳಿಗಿ ಸೇರಿಸೇನಿ" ಎಂದರು.

ತಲಾಖಿನ ಮಾತಿಗೆ ಈಗಲೇ ಹಿರಿಯರನ್ನು ಕೂಡಿಸಬೇಡಿ. "ಅವರು ಬರ್ತಾರೇನು ಅಬ್ಬಾ?" ಎಂದು ರೆಹಾನ ಕೇಳುತ್ತಾಳೆ. ಗಂಡನೂ ಜೊತೆಗಿರಲಿ ಎಂದು ಡಾಕ್ಟರು ಹೇಳಿದ್ದಾರೆ. ಮುಂದಿನ ತಪಾಸಣೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ.

ನಿಮ್ಮ ಮಾವ,
ಅಕ್ಬರಸಾಬ