ಮೀನಿಗೆ ಹಿಡಿದ ಕನ್ನಡಿ

ಮಂಗಳವಾರ, ಹದಿನಾಲ್ಕು.

ಹೊಸ ಫೈಟರ್ ಮೀನು ಇವತ್ತೂ ಹೊಟ್ಟೆ ಉಬ್ಬಿಸಿಕೊಂಡು ಒಂದು ಪಕ್ಕಕ್ಕೆ ವಾಲಿಕೊಂಡೇ ಇತ್ತು. ಹಾಸಿಗೆ ಹಿಡಿದ ಅತ್ತೆ "ಪಾಪ, ಇನ್ನೆರಡು ಕಾಳು ಹಾಕಮ್ಮ" ಅಂದಾಗಲೆಲ್ಲ ಹಾಕಿದವಳು ನಾನೇ. ಅತ್ತೆಗಾಗಿ ಕೆಲಸ ಬಿಟ್ಟವಳಿಗೆ ಜೊತೆಯಾಗಲಿ ಎಂದು ಇವರು ತಂದ ಮೀನು. ಈಗ ಮನೆಯಲ್ಲಿ ರೋಗಿಗಳು ಇಬ್ಬರು.

ಮೀನಿನ ಅಂಗಡಿಯವನು ಫೋನಿನಲ್ಲಿ ಹೇಳಿದ: "ಮೂರು ದಿನ ಉಪವಾಸ ಇಡಿ. ದಿನಾ ಎರಡು ನಿಮಿಷ ಕನ್ನಡಿ ತೋರಿಸಿ. ಬೇರೆ ಮೀನು ಅಂದ್ಕೊಂಡು ಸಿಟ್ಟು ಬಂದ್ರೆ ಮೈ ಆಡಿಸುತ್ತೆ, ಹೊಟ್ಟೆ ಸಡಿಲ ಆಗುತ್ತೆ."

ಸಂಜೆ ಕೈಗನ್ನಡಿ ಹಿಡಿದೆ. ನೆಟ್ಟಗೆ ನಿಲ್ಲಲಾಗದ ಜೀವ, ತನ್ನ ಮುಖ ಕಂಡದ್ದೇ ಕಿವಿರು ಅರಳಿಸಿ ಗಾಜಿಗೆ ನುಗ್ಗಿತು. ಅಬ್ಬಾ, ಗೇಣಗಲದ ನೀರಿನಲ್ಲಿ ಅಷ್ಟೊಂದು ಸಿಟ್ಟು!

ಅಷ್ಟರಲ್ಲಿ ಒಳಗಿನಿಂದ ಅತ್ತೆ ಕರೆದರು. ಕನ್ನಡಿಯನ್ನು ನನ್ನತ್ತ ತಿರುಗಿಸಿಕೊಂಡು ಕಾದೆ. ಅದರೊಳಗಿನವಳಿಗೆ ಸಿಟ್ಟೇ ಬರಲಿಲ್ಲ. "ಬಂದೆ ಅತ್ತೆ" ಅಂದಳು.